ಕ್ಯಾಂಪರ್ ವಾಹನದಲ್ಲಿ ಗ್ಯಾಸ್ ಸಿಲಿಂಡರ್: ಬಿಗಿಯಾಗಿಯೂ ನಿಲ್ಲಬೇಕು, ಬೇಗ ಬಿಚ್ಚಲೂ ಬರಬೇಕು

[ದೃಶ್ಯ: ಕಾರವಾರದ ಕಾಳಿ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಸಾಗುತ್ತಿರುವ ಕ್ಯಾಂಪರ್ ವಾಹನ. ಅದರ ಪಕ್ಕದ ಪೆಟ್ಟಿಗೆಯ ಬಾಗಿಲು ತೆರೆದಾಗ ಒಳಗೆ ಕಾಣುವ ಸಿಲಿಂಡರ್.]

ನಮಸ್ಕಾರ. ಒಳಗೇ ಮಲಗಲು ಮತ್ತು ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ವಾಹನಗಳು ಈಗ ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ 66ರಲ್ಲೂ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ರಸ್ತೆಯಲ್ಲೂ ಕಾಣಸಿಗುತ್ತವೆ. ಇಂತಹ ವಾಹನದಲ್ಲಿ ಗ್ಯಾಸ್ ಸಿಲಿಂಡರನ್ನು ಭದ್ರವಾಗಿ ನಿಲ್ಲಿಸುವುದು ಹೇಗೆ, ಮತ್ತು ಹಾಗೆ ನಿಲ್ಲಿಸಿದ್ದನ್ನು ಸುಲಭವಾಗಿ ಬಿಚ್ಚಿ ಬದಲಾಯಿಸುವುದು ಹೇಗೆ ಎಂಬುದು ಇಂದಿನ ವಿಷಯ. ಈ ಎರಡು ಬೇರೆ ಬೇರೆ ಪ್ರಶ್ನೆಗಳಲ್ಲ. ಬಿಚ್ಚಲು ಅರ್ಧ ಗಂಟೆ ಬೇಕಾಗುವ ಕಟ್ಟನ್ನು ಮಳೆಯಲ್ಲಿ, ಕತ್ತಲಲ್ಲಿ, ಹಸಿದ ಹೊತ್ತಿನಲ್ಲಿ ಯಾರೂ ಪೂರ್ತಿಯಾಗಿ ಮತ್ತೆ ಬಿಗಿಯುವುದಿಲ್ಲ; ನಾಲ್ಕು ಸುತ್ತು ತಿರುಗಿಸಬೇಕಾದಲ್ಲಿ ಎರಡಕ್ಕೇ ನಿಲ್ಲಿಸಿ ಹೊರಟುಬಿಡುತ್ತಾರೆ. ಆದ್ದರಿಂದ ಸುಲಭವಾಗಿ ಬಿಗಿಯಬಹುದಾದ ವ್ಯವಸ್ಥೆಯೇ ಹೆಚ್ಚು ಸುರಕ್ಷಿತ ಎಂಬುದು ನನ್ನ ದೃಢ ಅಭಿಪ್ರಾಯ.

[ದೃಶ್ಯ: ತಕ್ಕಡಿಯ ಮೇಲೆ ಇಟ್ಟ ಸಿಲಿಂಡರ್, ಅದರ ಮೇಲೆ ಅಚ್ಚಾಗಿರುವ ಖಾಲಿ ತೂಕ.]

ಮೊದಲು ಭಾರದ ಲೆಕ್ಕ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಕಬ್ಬಿಣದ ತೂಕವನ್ನೂ ಸೇರಿಸಿದರೆ ಒಟ್ಟು 30 ಕಿಲೋ ಆಸುಪಾಸು. ಘಟ್ಟದ ಇಳಿಜಾರಿನಲ್ಲಿ ಎದುರಿಗೆ ಬಸ್ಸು ಬಂದಾಗ ಜೋರಾಗಿ ಬ್ರೇಕ್ ಒತ್ತಿದರೆ, ಈ ಸಿಲಿಂಡರ್ ಸುಮಾರು 20 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಡಿಕ್ಕಿಯಲ್ಲಿ ವೇಗ ಕುಸಿಯುವ ಪ್ರಮಾಣ ಗುರುತ್ವದ ಹತ್ತು ಪಟ್ಟು ಎಂದಿಟ್ಟುಕೊಂಡರೆ ಅದೇ ಬಲ 300 ಕಿಲೋ ಆಗುತ್ತದೆ. ಪ್ಲಾಸ್ಟಿಕ್ ಹಗ್ಗದ ಗಂಟು ಬ್ರೇಕಿನ ಬಲವನ್ನು ತಡೆಯಬಹುದು, ಡಿಕ್ಕಿಯ ಬಲವನ್ನು ತಡೆಯಲಾರದು. ಮನೆಯ ಸಿಲಿಂಡರ್ ಮನೆಯ ಅಡುಗೆಗೆಂದೇ ಕೊಡುವಂಥದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರವಾಸಕ್ಕೆ, ಪೆಟ್ರೋಲ್ ಬಂಕುಗಳಲ್ಲಿಯೂ ಸಿಗುವ 5 ಕಿಲೋ ಸಿಲಿಂಡರ್ ಒಳ್ಳೆಯದು. ಇಂಡೇನ್ ಅದನ್ನು ಛೋಟು ಎಂಬ ಹೆಸರಿನಲ್ಲಿ ಮಾರುತ್ತದೆ. ತುಂಬಿದ್ದಾಗಲೂ ಒಬ್ಬರೇ ಎತ್ತಬಹುದಾದ ತೂಕ, ಮತ್ತು ಭಾರ ಅರ್ಧಕ್ಕಿಂತ ಕಡಿಮೆಯಾದ ಕಾರಣ ಮೇಲಿನ ಬಲಗಳೆಲ್ಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಕಟ್ಟುವ ಕೆಲಸವನ್ನು ಸುಲಭ ಮಾಡುವ ಮೊದಲ ಉಪಾಯ, ಕಟ್ಟಬೇಕಾದ ವಸ್ತುವನ್ನೇ ಹಗುರ ಮಾಡಿಕೊಳ್ಳುವುದು.

ಈಗ ಜಾಗ. ನಮ್ಮ ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲಕ್ಕೆ ಹೋಗದೆ ನೆಲಕ್ಕೆ ಇಳಿದು, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರಿನ ಪೆಟ್ಟಿಗೆ ಮಲಗುವ ಭಾಗದಿಂದ ಪೂರ್ತಿ ಬೇರೆಯಾಗಿರಬೇಕು, ಅದರ ಬಾಗಿಲು ಹೊರಕ್ಕೆ ತೆರೆಯಬೇಕು, ಮತ್ತು ತಳದಲ್ಲಿ ನೇರವಾಗಿ ಹೊರಗಿನ ಗಾಳಿಗೆ ಬಾಯಿ ತೆರೆದ ರಂಧ್ರಗಳಿರಬೇಕು. ಆ ರಂಧ್ರಗಳ ಬಳಿ ಸೈಲೆನ್ಸರ್ ಬರಬಾರದು. ಹಿಂದಿನ ಬಂಪರಿಗೆ ಸಿಲಿಂಡರ್ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನಿಂದ ಲಾರಿ ತಾಗಿದರೆ ಮೊದಲ ಪೆಟ್ಟು ಅದಕ್ಕೇ.

[ದೃಶ್ಯ: ಉದ್ದದ ಮರೆ (ತಿರುಪಿನ ಸುರುಳಿ ಗೆರೆ) ಇರುವ ಸರಳು ಮತ್ತು ಚಿಟ್ಟೆ ನಟ್ಟು, ಅದನ್ನು ಬೆರಳಿನಿಂದ ತಿರುಗಿಸುವ ಪ್ರಯತ್ನ.]

ಅಮೆರಿಕದಲ್ಲಿ ಎಳೆದೊಯ್ಯುವ ಟ್ರೇಲರುಗಳ ಮುಂಭಾಗದ ತ್ರಿಕೋನಾಕಾರದ ಚೌಕಟ್ಟಿನ ಮೇಲೆ ಎರಡು ಪ್ರೊಪೇನ್ ಟ್ಯಾಂಕುಗಳನ್ನು ಅಕ್ಕಪಕ್ಕ ಇಡುವುದು ರೂಢಿ. ಎರಡರ ನಡುವೆ ಮರೆಯಿರುವ ಒಂದು ಸರಳು ನೆಟ್ಟಗೆ ನಿಂತಿರುತ್ತದೆ. ಮೇಲಿನಿಂದ ಒಂದು ಅಡ್ಡಪಟ್ಟಿ ಕೂರಿಸಿ ಚಿಟ್ಟೆ ನಟ್ಟಿನಿಂದ ಬಿಗಿಯುತ್ತಾರೆ. ವ್ಯವಸ್ಥೆ ಗಟ್ಟಿ, ಆದರೆ ಒಂದು ಟ್ಯಾಂಕ್ ಬದಲಾಯಿಸಲು ನಟ್ಟನ್ನು ಅನೇಕ ಸುತ್ತು ತಿರುಗಿಸಬೇಕು, ಮತ್ತು ಒಂದನ್ನು ತೆಗೆಯುವಾಗ ಇನ್ನೊಂದೂ ಸಡಿಲಾಗುತ್ತದೆ. ಅದೇ ವ್ಯವಸ್ಥೆಯನ್ನು ಸಾದಾ ಕಬ್ಬಿಣದಲ್ಲಿ ಮಾಡಿಸಿ ನಮ್ಮ ಕರಾವಳಿಗೆ ತಂದರೆ ಇನ್ನೊಂದು ಕಷ್ಟ ಎದುರಾಗುತ್ತದೆ: ಉಪ್ಪಿನ ಗಾಳಿ ಮತ್ತು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆ. ಮರೆಯ ಸಂದಿಯಲ್ಲಿ ತುಕ್ಕು ಕೂತಿತೆಂದರೆ ಪಾನ (ಸ್ಪ್ಯಾನರ್) ಹಾಕಿದರೂ ನಟ್ಟು ತಿರುಗುವುದಿಲ್ಲ.

ಸರಳನ್ನೇ ಉಳಿಸಿಕೊಳ್ಳಬೇಕೆಂದಿದ್ದರೆ ಎರಡು ಬದಲಾವಣೆ ಸಾಕು. ಚಿಟ್ಟೆ ನಟ್ಟಿನ ಬದಲು, ಅಂಗೈ ತುಂಬ ಹಿಡಿಯುವ ಅಡ್ಡ ಹಿಡಿಕೆಯನ್ನು ಉದ್ದ ನಟ್ಟಿಗೆ ಬೆಸೆದು ಬಳಸಿರಿ. ಸರಳು ಮತ್ತು ನಟ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿನ ನೀರಿನ ಕೊರೆತವನ್ನು 304 ದರ್ಜೆಗಿಂತ ಚೆನ್ನಾಗಿ ತಡೆಯುತ್ತದೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ತಿರುಗುವಾಗ ಮರೆ ಕಚ್ಚಿಕೊಳ್ಳುವ ಸ್ವಭಾವವಿರುವುದರಿಂದ, ಜಂಟಿಗೆ ಗ್ರೀಸು ಹಚ್ಚುವುದನ್ನು ಮರೆಯಬಾರದು.

[ದೃಶ್ಯ: ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ತಯಾರಾದ ಪೀಠ. ಖಾಲಿ ಚೌಕಟ್ಟಿನೊಳಗೆ ಸಿಲಿಂಡರನ್ನು ಇಳಿಸುವುದು.]

ಆದರೆ ನಾನು ಶಿಫಾರಸು ಮಾಡುವುದು ಬೇರೆ ಕ್ರಮವನ್ನು. ಭಾರವನ್ನು ತಡೆಯುವ ಹೊಣೆಯನ್ನು ಬೆಲ್ಟಿಗೆ ವಹಿಸದೆ ಪೀಠಕ್ಕೆ ವಹಿಸಬೇಕು. ಸಿಲಿಂಡರಿನ ಕೆಳಗೆ ಒಂದು ಕಬ್ಬಿಣದ ಬಳೆಯಿರುತ್ತದೆ. ಆ ಬಳೆ ಸರಿಯಾಗಿ ಒಳಗೆ ಇಳಿದು ಕೂರುವಂತೆ, ಕೊಡದ ಕೆಳಗಿನ ಸಿಂಬೆಯ ಹಾಗೆ, ಎರಡು ಅಂಗುಲ ಎತ್ತರದ ಪಟ್ಟಿಯ ವೃತ್ತವನ್ನು ತಟ್ಟೆಯ ಮೇಲೆ ಬೆಸೆಸಿರಿ. ಅಳತೆಯನ್ನು ನಿಮ್ಮ ಸಿಲಿಂಡರಿನಿಂದಲೇ ತೆಗೆದುಕೊಳ್ಳಿ, ಆದರೆ ಬೆಸುಗೆ ಹಾಕುವಾಗ ಸಿಲಿಂಡರ್ ಅಂಗಡಿಯ ಹತ್ತಿರವೂ ಇರಬಾರದು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಂಡೊಯ್ಯುವುದು ಸರಿ. ಸಿಲಿಂಡರಿನ ಮೈಗೆ ಯಾವ ಕೊಂಡಿಯನ್ನೂ ಎಂದಿಗೂ ಬೆಸೆಯಬಾರದು. ತಟ್ಟೆಗೆ ನೀರಿಳಿಯಲು ತೂತುಗಳಿರಲಿ, ಮೇಲೆ ಐದು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ ಇರಲಿ. ಈ ರಬ್ಬರ್ ಅಲುಗಾಟವನ್ನು ತಗ್ಗಿಸುತ್ತದೆ, ಬಣ್ಣ ಕೆರೆದುಹೋಗದಂತೆ ಕಾಪಾಡುತ್ತದೆ. ಪೀಠದ ಹಿಂಬದಿಯಲ್ಲಿ, ಸಿಲಿಂಡರಿನ ಮೂರನೆಯ ಎರಡು ಪಾಲು ಎತ್ತರಕ್ಕೆ, ಮೈಯ ಬಾಗಿಗೆ ಹೊಂದುವ ಆಸರೆಪಟ್ಟಿ ಬರಬೇಕು. ಇಡೀ ಪೀಠವನ್ನು ತಗಡಿಗಲ್ಲ, ವಾಹನದ ಚಾಸಿಗೆ ಸೇರಿದ ಗಟ್ಟಿ ಚಾನೆಲಿಗೆ, ನೈಲಾನ್ ಉಂಗುರವಿರುವ ಲಾಕ್ ನಟ್ಟುಗಳಿಂದ ಜೋಡಿಸಬೇಕು. ಸಾದಾ ನಟ್ಟು ಅಲುಗಾಟಕ್ಕೆ ತಾನಾಗಿ ಸಡಿಲಗೊಳ್ಳುತ್ತದೆ.

ಬುಡದ ಬಳೆ ಪೀಠದ ವೃತ್ತದೊಳಗೆ ಕೂತು ಬೆನ್ನಿಗೆ ಆಸರೆ ಸಿಕ್ಕಿದ ಮೇಲೆ ಉಳಿಯುವುದು, ಸಿಲಿಂಡರ್ ಮೇಲಕ್ಕೆ ಹಾರದಂತೆ ಮತ್ತು ಮುಂದಕ್ಕೆ ವಾಲದಂತೆ ತಡೆಯುವುದು ಮಾತ್ರ. ಅದಕ್ಕೆ ಭುಜದ ಇಳಿಜಾರಿನ ಸ್ವಲ್ಪ ಕೆಳಗೆ ಸುತ್ತುವ ಒಂದು ಲೋಹದ ಪಟ್ಟಿ, ಭುಜದ ಮೇಲಿಂದ ಇಳಿದು ಅದೇ ಪಟ್ಟಿಗೆ ಸೇರುವ ಎರಡು ಚಿಕ್ಕ ತೋಳುಗಳು, ಮತ್ತು ಪಟ್ಟಿಯ ತುದಿಯಲ್ಲಿ ಒಂದು ಟಾಗಲ್ ಲಾಚ್ ಸಾಕಾಗುತ್ತವೆ. ಕೊಕ್ಕೆಗೆ ತಂತಿಯನ್ನು ಸಿಕ್ಕಿಸಿ ಹಿಡಿಕೆಯನ್ನು ಮಡಚಿದರೆ ಬಿಗಿಯುವ ಈ ಲಾಚು, ನಡುಬಿಂದುವನ್ನು ದಾಟಿ ಕೂರುವುದರಿಂದ, ಅಲುಗಿದಷ್ಟೂ ಮುಚ್ಚಿಯೇ ಇರುತ್ತದೆ. ಆದರೂ ಹಿಡಿಕೆಯ ತೂತಿನಲ್ಲಿ ಒಂದು ಸ್ಪ್ರಿಂಗ್ ಪಿನ್ ಸೇರಿಸಲೇಬೇಕು. ಪಿನ್ ತೆಗೆದು, ಹಿಡಿಕೆ ಎತ್ತಿ, ಸಿಲಿಂಡರನ್ನು ಹೊರಗೆ ತರಲು ಯಾವ ಪಾನವೂ ಬೇಡ. ಪಟ್ಟಿಯಾಗಲಿ ತೋಳಾಗಲಿ ವಾಲ್ವಿಗೂ ರೆಗ್ಯುಲೇಟರಿಗೂ ತಾಗಬಾರದು. ವಾಹನ ಓಡುವಾಗ ರೆಗ್ಯುಲೇಟರ್ ತೆಗೆದು ಸುರಕ್ಷಾ ಮುಚ್ಚಳ ಹಾಕಿರಬೇಕಾದ್ದರಿಂದ, ಕಟ್ಟು ಬಿಚ್ಚದೆಯೇ ಕೈ ಅಲ್ಲಿಗೆ ತಲುಪುವಂತಿರಬೇಕು.

[ದೃಶ್ಯ: ರ‍್ಯಾಚೆಟ್ ಬೆಲ್ಟಿನ ಹಲ್ಲುಗಳ ನಡುವೆ ಸೇರಿದ ಮರಳು.]

ರ‍್ಯಾಚೆಟ್ ಬೆಲ್ಟ್, ಅಂದರೆ ಹಿಡಿಕೆ ಆಡಿಸಿ ಹಲ್ಲುಚಕ್ರದಿಂದ ಬಿಗಿಯುವ ಪಟ್ಟಿ, ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಲಾರಿಯ ಸಾಮಾನಿಗೆ ಅದು ಉತ್ತಮ ಸಾಧನವೇ. ಆದರೆ ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಕಡಲತೀರದ ಬಳಿ ನಿಲ್ಲುವ ವಾಹನದಲ್ಲಿ ಅದರ ಹಲ್ಲುಗಳಿಗೆ ಮರಳೂ ಉಪ್ಪೂ ಸೇರಿ, ಬಿಡುಗಡೆಯ ಕೀಲು ಹಿಡಿದುಬಿಡುತ್ತದೆ. ತಾತ್ಕಾಲಿಕವಾಗಿ ಬಳಸುವುದಾದರೆ ಪಾಲಿಯೆಸ್ಟರ್ ಬೆಲ್ಟನ್ನು ಆಯ್ದುಕೊಳ್ಳಿ, ಏಕೆಂದರೆ ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆ, ಬೆಳಗ್ಗೆ ಬಿಗಿಯಾಗಿದ್ದ ಕಟ್ಟು ಮಧ್ಯಾಹ್ನದ ಮಳೆಗೆ ಸಡಿಲವಾಗುತ್ತದೆ. ಬಿಸಿಲಿನಲ್ಲಿ ಎಳೆಗಳು ನಿಸ್ಸತ್ವವಾಗುವುದರಿಂದ ಬಣ್ಣ ಮಾಸಿದ ಬೆಲ್ಟನ್ನು ಬದಲಾಯಿಸಿ.

ವಾಹನದ ರಚನೆಯನ್ನೇ ಬದಲಿಸುವ ಕೆಲಸಕ್ಕೆ ಕೈಹಾಕುವ ಮೊದಲು ಕಾರವಾರದ ಅಥವಾ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ನೋಂದಣಿಗೆ ವ್ಯತ್ಯಾಸ ತರುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

[ದೃಶ್ಯ: ಸಿಲಿಂಡರನ್ನು ಎರಡೂ ಕೈಗಳಿಂದ ಅಲುಗಾಡಿಸಿ ನೋಡುವುದು, ನಂತರ ಸಂಧಿಗಳಿಗೆ ಸಾಬೂನಿನ ನೊರೆ.]

ಕೂರಿಸಿದ ಮೇಲೆ ಪರೀಕ್ಷೆ. ಕುತ್ತಿಗೆಯ ಬಳೆಯನ್ನು ಎರಡೂ ಕೈಗಳಿಂದ ಹಿಡಿದು ಮುಂದೆ, ಹಿಂದೆ, ಮೇಲಕ್ಕೆ ಜೋರಾಗಿ ಎಳೆಯಿರಿ. ಸಿಲಿಂಡರ್ ಮಾತ್ರ ಅಲುಗಿದರೆ ಲಾಚಿನ ತಂತಿಯನ್ನು ಒಂದು ಸುತ್ತು ಬಿಗಿಗೊಳಿಸಿ. ಪೀಠವೂ ಅಲುಗಿದರೆ ತೊಂದರೆ ಬೋಲ್ಟಿನಲ್ಲಿದೆ. ಮೊದಲ ಬಾರಿ ಘಟ್ಟ ಹತ್ತಿ ಇಳಿದ ಬಳಿಕ ಇದನ್ನೇ ಮತ್ತೊಮ್ಮೆ ಮಾಡಬೇಕು, ಏಕೆಂದರೆ ರಬ್ಬರ್ ಒತ್ತಿಕೊಂಡು ಕೂತಾಗ ಸ್ವಲ್ಪ ಸಡಿಲು ಹುಟ್ಟುತ್ತದೆ. ರೆಗ್ಯುಲೇಟರ್ ಜೋಡಿಸಿದಾಗಲೆಲ್ಲ ಸಾಬೂನಿನ ನೊರೆಯಿಂದ ಸೋರಿಕೆ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಲ್ಲಿದ್ದರೂ ಅದನ್ನು ಇಂದೇ ಬಿಡಿಸಿರಿ. ವಾಸನೆ ಬಂದರೆ ವಾಹನದಿಂದ ಎಲ್ಲರನ್ನೂ ದೂರ ಕರೆದೊಯ್ದು, ಯಾವ ಸ್ವಿಚ್ಚನ್ನೂ ಮುಟ್ಟದೆ, 1906ಕ್ಕೆ ಕರೆ ಮಾಡಬೇಕು.

ಇನ್ನು ಬದಲಿ ಸಿಲಿಂಡರ್ ಪಡೆಯುವಾಗ ಕುತ್ತಿಗೆಯ ಬಳೆಯನ್ನು ಹಿಡಿದಿರುವ ಪಟ್ಟಿಗಳ ಒಳಭಾಗವನ್ನು ನೋಡಿ. ಅಲ್ಲಿ ಒಂದು ಅಕ್ಷರವೂ ಎರಡು ಅಂಕಿಗಳೂ ಬರೆದಿರುತ್ತವೆ: ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿಗಳು ಮುಂದಿನ ಪರೀಕ್ಷೆಯ ವರ್ಷ. ಅವಧಿ ಮೀರಿದ್ದರೆ, ಅಥವಾ ಬುಡದ ಬಳೆ ಸೊಟ್ಟಗಾಗಿ ಪೀಠದೊಳಗೆ ನೆಟ್ಟಗೆ ಇಳಿಯದಿದ್ದರೆ, ಅಲ್ಲಿಯೇ ಹಿಂದಿರುಗಿಸಿ ಬೇರೊಂದನ್ನು ಕೇಳಿ ಪಡೆಯಿರಿ.