ಕೋವಿ ಬಾಗಿಲಿಗೆ ಬಂದರೆ

ಕೇಳುಗರೇ, ನಮಸ್ಕಾರ.

ಬೆಳ್ತಂಗಡಿ, ಸುಳ್ಯ, ಕಾರ್ಕಳದ ಕಡೆ ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ಒಂದು ಕೋವಿ ಇರುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದದ್ದು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಿ ಅಂತ ಸೂಚನೆ ಬರುತ್ತದೆ. ಕೋವಿಯನ್ನು ಗೋಣಿಯಲ್ಲಿ ಸುತ್ತಿ, ತೋಟೆಗಳನ್ನು ಬೇರೆ ಚೀಲಕ್ಕೆ ಹಾಕಿ ಹೊರಡಬೇಕು. ಅದೇ ದಾರಿಯಲ್ಲಿ ಸೊಸೈಟಿಗೆ ಸಾಲದ ಕಂತು ಕಟ್ಟಲಿಕ್ಕೂ ಇದೆ ಅಂತಿಟ್ಟುಕೊಳ್ಳಿ. ಕೋವಿ ಹಿಡಿದು ಒಳಗೆ ಹೋಗಬಹುದಾ? ಅದನ್ನು ಹೇಳಬೇಕಾದವರು ಯಾರು, ಸರ್ಕಾರವಾ, ಸೊಸೈಟಿಯವರಾ?

ಅಮೆರಿಕದಲ್ಲಿ ಇಂಥ ಪ್ರಶ್ನೆ ಕೋರ್ಟು ಹತ್ತಿದೆ. ಯೂಟಾ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಬಂದೂಕು ಬೇಡ ಅಂದಿತ್ತು. ರಾಜ್ಯದ ಕಾನೂನು ಮೀರಿ ನಿಯಮ ಮಾಡುವಂತಿಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಟೆಕ್ಸಾಸಿನಲ್ಲಂತೂ 2016ರ ಆಗಸ್ಟ್ 1ರಿಂದ, ಲೈಸೆನ್ಸ್ ಇದ್ದವರು ಸರ್ಕಾರಿ ವಿಶ್ವವಿದ್ಯಾಲಯದೊಳಗೆ ಪಿಸ್ತೂಲು ಮರೆಮಾಡಿ ಒಯ್ಯಬಹುದು. ಕೆಲವು ಜಾಗಗಳಿಗೆ ಬೇಡ ಅನ್ನಬಹುದು, ಇಡೀ ಆವರಣಕ್ಕೆ ಬೇಡ ಅನ್ನುವ ಹಾಗಿಲ್ಲ. ಖಾಸಗಿಯವರು ಮಾತ್ರ ಪೂರ್ತಿ ಬೇಡ ಅನ್ನಬಹುದು. ತಮಾಷೆ ಅಲ್ವಾ? ಜನರ ತೆರಿಗೆಯಲ್ಲಿ ನಡೆಯುವ ಸಂಸ್ಥೆಗೇ ತನ್ನ ಗೇಟಿನ ಮೇಲೆ ಹಿಡಿತ ಇಲ್ಲ.

ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆ 1959ರದ್ದು, ಈಗಿನ ನಿಯಮಗಳು 2016ರವು. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವಲ್ಲಿಗೆ, ಶಾಲೆ ಕಾಲೇಜಿನ ಆವರಣಕ್ಕೆ ಕೋವಿ ಒಯ್ಯಬಾರದು ಎಂಬುದು ಲೈಸೆನ್ಸಿನ ಷರತ್ತು. ಹಾಗಾಗಿ ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವಾಗ ಮಠದವರು ಬೇರೆ ನಿಯಮ ಮಾಡಬೇಕಾಗಿಲ್ಲ. ಕೊಣಾಜೆಯ ವಿಶ್ವವಿದ್ಯಾಲಯಕ್ಕೂ ಆ ತಲೆಬಿಸಿ ಇಲ್ಲ. ಆದರೆ ಆಸ್ಪತ್ರೆ, ಸೊಸೈಟಿ, ಪಂಚಾಯತ್ ಕಚೇರಿಗಳನ್ನು ಆ ಷರತ್ತು ಹೆಸರು ಹಿಡಿದು ಹೇಳುವುದಿಲ್ಲ.

ಅಲ್ಲಿ ಆಯಾ ಸಂಸ್ಥೆಯೇ ನಿಯಮ ಮಾಡಿಕೊಳ್ಳಲಿ ಅನ್ನುವುದು ನನ್ನ ಮಾತು. ಕೋವಿ ಯಾರ ಬಳಿ ಇರಬೇಕು ಎಂದು ನೋಡುವುದು ಜಿಲ್ಲಾಧಿಕಾರಿಗಳ, ಪೊಲೀಸರ ಕೆಲಸ. ಅದರಲ್ಲಿ ಸೊಸೈಟಿಯವರು ಕೈ ಹಾಕುವುದು ಬೇಡ. ಬಾಗಿಲ ವಿಷಯ ಹಾಗಲ್ಲ. ವೆನ್ಲಾಕ್ ಆಸ್ಪತ್ರೆಯ ತುರ್ತು ವಿಭಾಗದ ನೂಕುನುಗ್ಗಲೂ ಹಳ್ಳಿ ಸೊಸೈಟಿಯ ಮಧ್ಯಾಹ್ನವೂ ಒಂದೇನಾ? ಅದು ಒಳಗೆ ಕೂತವರಿಗೇ ಗೊತ್ತು.

ಬೋರ್ಡ್ ನೋಡಿ ಕಳ್ಳ ವಾಪಸ್ ಹೋಗ್ತಾನಾ ಅಂತ ನೀವು ಕೇಳಬಹುದು. ಖಂಡಿತ ಇಲ್ಲ. 2025ರ ಜನವರಿಯಲ್ಲಿ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಹಾಡಹಗಲೇ ನುಗ್ಗಿದವರು ಬೋರ್ಡ್ ಓದುವ ಜನ ಅಲ್ಲ. ಈ ನಿಯಮ ಬೇಕಿರುವುದು ಲೈಸೆನ್ಸ್ ಇದ್ದವರಿಗೆ. ಇವರ ಕೈಯಲ್ಲೂ ಗುಂಡು ತಪ್ಪಿ ಹಾರಬಹುದು, ಜಗಳದಲ್ಲಿ ತಾಳ್ಮೆ ತಪ್ಪಬಹುದು.

ಆದರೆ ಒಳಗೆ ತರಬೇಡಿ ಅಂದ ಮೇಲೆ ಎಲ್ಲಿಡಬೇಕು ಅಂತಲೂ ಹೇಳಬೇಕಲ್ಲ. ಸ್ಕೂಟರಿಗೆ ನೇತುಹಾಕಿ ಬರಲು ಅದೇನು ಕೊಡೆಯಾ? ವಾಚ್‌ಮನ್ ತೆಗೆದಿಟ್ಟುಕೊಂಡರೆ, ಲೈಸೆನ್ಸ್ ಇಲ್ಲದವರ ಕೈಯಲ್ಲಿ ಕೋವಿ ಅಂತ ಅದೇ ಒಂದು ಕೇಸಾದೀತು. ಹಾಗಾಗಿ ಬೋರ್ಡ್ ಬರೆಸುವ ಮೊದಲು ಆಡಳಿತ ಮಂಡಳಿಯವರು ಠಾಣೆಯವರ ಜೊತೆ ಕೂತು ಮಾತಾಡಲಿ. ಕೋವಿ ಯಾರು ಪಡೆಯಬೇಕು, ರಶೀದಿ ಯಾರು ಕೊಡಬೇಕು, ಸಂಜೆ ಠಾಣೆಯಲ್ಲಿ ಯಾರೂ ಇಲ್ಲದಿದ್ದರೆ ಏನು ಕತೆ, ಇಷ್ಟನ್ನು ಕಾಗದದ ಮೇಲೆ ಬರೆಸಿಕೊಂಡು ಬರಲಿ.