ಮಳೇಲಿ ನೆಂದ್ರೂ ಕುರಿ ಯಾಕೆ ಶ್ರಿಂಕ್ ಆಗಲ್ಲ?

(ಕೈಯಲ್ಲಿ ಗೊಂಬೆಗೂ ಹಿಡಿಸದಷ್ಟು ಚಿಕ್ಕ ಸ್ವೆಟರ್)

ಇದು ನಂದೇ ಸ್ವೆಟರ್ರು. ಮಷೀನಿಗೆ ಹಾಕಿ ಬಿಸಿನೀರು ಬಟನ್ ಒತ್ತಿದ್ದೂ ನಾನೇ, ಹಂಗಾಗಿ ಯಾರನ್ನೂ ಬಯ್ಯೋ ಹಾಗಿಲ್ಲ.

ನಮಸ್ಕಾರ. ಉಣ್ಣೆ ಪ್ರಾತ್ಯಕ್ಷಿಕೆ ಅಂತ ಮಾಡ್ತಾರಲ್ಲ, ಕುರಿ, ಅಲ್ಪಾಕಾ (ಒಂಟೆ ಜಾತಿಯ ಉಣ್ಣೆ ಪ್ರಾಣಿ), ಮೊಲ ಎಲ್ಲ ಕರ್ಕೊಂಡು ಬಂದು, ತಕಲಿ ತಿರುಗ್ಸಿ ಜನಕ್ಕೆ ತೋರ್ಸೋದು, ಅಂಥದ್ರಲ್ಲಿ ಒಂದ್ಸಲ ನಾನೂ ಮೇಜಿನ ಹಿಂದೆ ನಿಂತಿದ್ದೆ. ಚಾರ್ಟ್ ಬೇರೆ ಮಾಡ್ಕೊಂಡು ಹೋಗಿದ್ದೆ. ಮೈಕ್ರಾನು, ಕೆರಾಟಿನ್ನು ಅಂತ ಶುರು ಹಚ್ಕೊಂಡೆ ನೋಡಿ, ಎರಡೇ ನಿಮಿಷ, ಎದುರಿಗಿದ್ದೋರೆಲ್ಲ ಪಕ್ಕದ ಮೊಲದ ಹತ್ರ. ಉಳಿದಿದ್ದು ಒಂದು ಪುಟ್ಟ ಹುಡುಗಿ. "ಅಂಕಲ್, ಸ್ವೆಟರ್ ತೊಳೆದ್ರೆ ಚಿಕ್ಕದಾಗುತ್ತೆ, ಮತ್ತೆ ಕುರಿ ಮಳೇಲಿ ನೆಂದ್ರೆ ಯಾಕೆ ಚಿಕ್ಕದಾಗಲ್ಲ?"

ಜೋರಾಗಿ ನಕ್ಕೆ. ನಕ್ಕು ಮುಗಿದ್ಮೇಲೆ ನಂಗೆ ಉತ್ತರ ಗೊತ್ತಿಲ್ಲ ಅಂತ ಹೊಳೀತು.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಉಣ್ಣೆ ಅಂದ್ರೆ ಕೂದಲೇ, ನಮ್ಮ ಉಗುರು ಕೂದಲಲ್ಲಿರೋ ಅದೇ ಕೆರಾಟಿನ್ ಅನ್ನೋ ಪ್ರೋಟೀನು. ಕತ್ರಿಸಿದ್ರೆ ನೋವಾಗುತ್ತಾ? ಕೈ ಪಳಗಿದೋರು ಕತ್ರಿಸಿದ್ರೆ ಇಲ್ಲ, ನಾವು ಕಟಿಂಗ್ ಮಾಡಿಸ್ಕೊಂಡ ಹಾಗೆ. ಕತ್ರಿಸದೆ ಬಿಟ್ರೇನೇ ಕಷ್ಟ. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ರಿಸ್ ಅನ್ನೋ ಮೆರಿನೊ ಕುರಿ ಸಿಕ್ತು, ವರ್ಷಗಟ್ಟಲೆ ಕತ್ರಿನೇ ಕಂಡಿರ್ಲಿಲ್ಲ, ಮೈಮೇಲಿಂದ ಇಳಿಸಿದ ಉಣ್ಣೆ 41 ಕೆಜಿ. ಬಡಪಾಯಿಗೆ ನೆಟ್ಟಗೆ ನಡೆಯೋಕೂ ಆಗ್ತಿರ್ಲಿಲ್ಲ.

ಸರಿ, ಈಗ ವಿಡಿಯೋ ಒಂದ್ನಿಮಿಷ ನಿಲ್ಸಿ, ತಲೆಯಿಂದ ಒಂದು ಉದ್ದ ಕೂದಲು ಕಿತ್ಕೊಳ್ಳಿ. ನನ್ನ ಥರ ಸ್ಟಾಕ್ ಖಾಲಿ ಆಗಿರೋರು ಪಕ್ಕದೋರನ್ನ ಕೇಳಿ.

(ಕ್ಯಾಮೆರಾ ಬೆರಳುಗಳ ಹತ್ತಿರಕ್ಕೆ)

ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡ್ಕೊಂಡು ಉದ್ದುದ್ದಕ್ಕೆ ಹಿಂದೆ ಮುಂದೆ ಉಜ್ಜಿ. ನೋಡಿ, ಕೂದಲು ತಾನಾಗೇ ಒಂದು ಕಡೆಗೆ ಹೊರಟ್ಬಿಡುತ್ತೆ! ತುದಿ ಬುಡ ಅದಲುಬದಲು ಮಾಡಿ ಹಿಡ್ಕೊಳ್ಳಿ, ಈಗ ಉಲ್ಟಾ ಹೊರಡುತ್ತೆ. ಯಾವಾಗ್ಲೂ ಬುಡವೇ ಮುಂದೆ. ಯಾಕಂದ್ರೆ ಕೂದಲ ಮೈತುಂಬ ಹೆಂಚು ಹೊದಿಸಿದ ಹಾಗೆ ಪುಟ್ಟಪುಟ್ಟ ಹುರುಪೆಗಳಿವೆ, ಅವುಗಳ ಅಂಚು ತುದಿ ಕಡೆ ನೋಡ್ತಿರುತ್ತೆ, ಹಾಗಾಗಿ ಒಂದು ದಿಕ್ಕಿಗೆ ಸಲೀಸಾಗಿ ಜಾರುತ್ತೆ, ಇನ್ನೊಂದು ದಿಕ್ಕಿಗೆ ತಡೆಯುತ್ತೆ. ಚಿಕ್ಕೋರಿದ್ದಾಗ ಹುಲ್ಲಿನ ತೆನೆ ಅಂಗಿ ತೋಳೊಳಗೆ ಬಿಟ್ಕೊಂಡಿದ್ದು ನೆನಪಿದ್ಯಾ? ಕೈ ಆಡಿಸಿದಷ್ಟೂ ಮೇಲಕ್ಕೇ ಹತ್ತುತ್ತೆ, ಕೆಳಗೆ ಎಳೆಯೋಕೆ ಹೋದ್ರೆ ಕಚ್ಕೊಂಡು ಕೂರುತ್ತೆ, ಕೊನೆಗೆ ಅಂಗಿನೇ ಬಿಚ್ಚಬೇಕು. ಡಿಟ್ಟೋ ಅದೇ. ಉಣ್ಣೇಲಿ ಈ ಹುರುಪೆ ಇನ್ನೂ ಎದ್ದು ನಿಂತಿರುತ್ತೆ.

ಸ್ವೆಟರ್ ನೂಲಲ್ಲಿ ಎಳೆಗಳು ಅಡ್ಡಾದಿಡ್ಡಿ ಬೆರ್ತಿರ್ತವೆ, ಒಂದರ ಬುಡ ಈ ಕಡೆ, ಇನ್ನೊಂದರ ಬುಡ ಆ ಕಡೆ. ಬಿಸಿನೀರು, ಸೋಪು ಹಾಕಿ ಮಷೀನು ತಿರುಗ್ಸಿದ್ರೆ ಪ್ರತಿ ಎಳೆನೂ ತನ್ನ ಬುಡದ ಕಡೆ ತೆವಳುತ್ತೆ, ವಾಪಸ್ ಬರೋಕೆ ಹುರುಪೆ ಬಿಡಲ್ಲ, ಹಂಗೇ ಬಿಗೀತಾ ಬಿಗೀತಾ ಹೋಗಿ... (ಸ್ವೆಟರ್ ಎತ್ತಿ ತೋರಿಸಿ) ಹೀಗೆ. ಎಲ್ರೂ ಬಿಸಿನೀರನ್ನೇ ಬಯ್ತಾರೆ, ಆದ್ರೆ ಅಸಲಿ ವಿಲನ್ ಆ ತಿರುಗಾಟ.

ಕುರಿ ಮೈಮೇಲೆ? ಬುಡಗಳೆಲ್ಲ ಚರ್ಮದಲ್ಲೇ ಭದ್ರ, ಹುರುಪೆಗಳೆಲ್ಲ ಒಂದೇ ದಿಕ್ಕಿಗೆ, ಮೇಲಿಂದ ಲ್ಯಾನೋಲಿನ್ ಅನ್ನೋ ಜಿಡ್ಡು, ಎಲ್ಲಿಗೆ ತೆವಳುತ್ತೆ ಪಾಪ. ಎಳೆ ಉದುರಿ ಸಡಿಲ ಆದ್ರೆ ಮಾತ್ರ ಅಲ್ಲೂ ಗಂಟುಗಟ್ಟೋದುಂಟು. ಅದಿರ್ಲಿ, ಕುರೀನ ಯಾರೂ ಡ್ರಮ್ಮಲ್ಲಿ ಹಾಕಿ ತಿರುಗ್ಸಲ್ವಲ್ಲ!

ಆಮೇಲಿನ ಸಲ ನಾನು ಚಾರ್ಟ್ ಒಯ್ಯಲೇ ಇಲ್ಲ. ಬಂದೋರ ಕೈಗೆ ಒಂದು ಹಿಡಿ ಉಣ್ಣೆ, ಬೆಚ್ಚಗಿನ ಸೋಪುನೀರು, ಉಂಡೆ ಮಾಡಿ ಅಂದೆ ಅಷ್ಟೆ. ಶುರುವಲ್ಲಿ ಒದ್ದೆ ಬೆಕ್ಕಿನ ಥರ ಲೊಳಲೊಳ ಅನ್ನುತ್ತೆ, ಮಕ್ಕಳು ಬೇಜಾರಾಗಿ ಬಿಟ್ಟೇಬಿಡ್ತಾರೆ ಅನ್ನೋ ಹೊತ್ತಿಗೆ ಅಂಗೈ ನಡುವೆ ಗಟ್ಟಿಯಾಗೋಕೆ ಶುರು ಆಗುತ್ತೆ. ಸೂಜಿ ಇಲ್ಲ, ದಾರ ಇಲ್ಲ, ಅಂಟಿಲ್ಲ. ಇದೇ ಫೆಲ್ಟ್.

ಟೈಮ್ ಆಗೋಯ್ತು, ನೀವೂ ಇಂಥ ಪ್ರಾತ್ಯಕ್ಷಿಕೆ ಮಾಡೋದಾದ್ರೆ ಅಂತ ಉಳಿದಿದ್ದೆಲ್ಲ ಒಂದೇ ಉಸಿರಲ್ಲಿ: ಉಣ್ಣೆ ಎಳೆಗಳನ್ನ ಸುಮ್ನೆ ಎಳೆದ್ರೆ ಬಿಟ್ಕೊಳ್ಳುತ್ತೆ, ಹುರಿ ಮಾಡಿ ಎಳೆದ್ರೆ ಹಿಡ್ಕೊಳ್ಳುತ್ತೆ, ನೂಲೋದ್ರ ಗುಟ್ಟೆಲ್ಲ ಇಷ್ಟೇ, ಇದನ್ನ ಮೊದ್ಲು ಬೆರಳಲ್ಲೇ ಮಾಡಿಸಿ, ತಕಲಿ ಆಮೇಲೆ ಕೊಡಿ. ಅಂಗೋರಾ ಮೇಕೆಯಿಂದ ಬರೋದು ಮೊಹೇರ್, ಅಂಗೋರಾ ಉಣ್ಣೆ ಬರೋದು ಮೊಲದಿಂದ, ಈ ಹೆಸರಿಟ್ಟೋರು ಸಿಕ್ರೆ ನಂಗೆ ಹೇಳಿ. ಕುರಿ, ಅಲ್ಪಾಕಾ ಎರಡೂ ಹಿಂಡಲ್ಲಿರೋ ಪ್ರಾಣಿ, ಒಂದನ್ನೇ ಒಂಟಿಯಾಗಿ ತರಬೇಡಿ, ಹೆದರ್ಕೊಳ್ಳುತ್ತೆ. ಮೊಲಾನ ಕೈಯಿಂದ ಕೈಗೆ ದಾಟಿಸಬೇಡಿ. ಪ್ರಾಣಿ ಮುಟ್ಟಿದೋರು ಕೈ ತೊಳೀಲೇಬೇಕು, ಅದಕ್ಕೆ ನೀರು ಸೋಪು ಅಲ್ಲೇ ಇಟ್ಟಿರಿ. ಮತ್ತೆ ಅಲ್ಪಾಕಾದ ದೊಡ್ಡ ನೆಂಟ ಲಾಮಾ ಬಂದಿದ್ರೆ, ಅದು ಕಿವಿ ಹಿಂದಕ್ಕೆ ಮಡಚಿ ಮೂತಿ ಎತ್ತಿತು ಅಂದ್ರೆ ಸೆಲ್ಫಿ ಆಸೆ ಬಿಟ್ಟು ಪಕ್ಕಕ್ಕೆ ಸರೀರಿ, ಉಗುಳು ಬರ್ತಿದೆ.