ಅಕ್ಕನ ಮಗನ ವಿಮಾನಕ್ಕೆ ಯಾವ ಕೆಟಗರಿ?

ನಮಸ್ಕಾರ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟಿನ ರಿಪೇರಿ ನೋಡುವವನು, ಆಗಿದ್ದವನು. ಈಗ ಗೋಣಿಕೊಪ್ಪದ ಹತ್ತಿರ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ನೋಡಿಕೊಂಡು ಇದ್ದೇನೆ. 2018ರ ಜನವರಿಯಲ್ಲಿ ಕಣದಲ್ಲಿ ಕಾಫಿ ಹರವಿಸ್ತಾ ನಿಂತಿದ್ದಾಗ ಫೋನ್ ಬಂತು. ಟೆಕ್ಸಾಸಿನಲ್ಲಿರುವ ಅಕ್ಕನ ಮಗ. 'ಮಾವ, ಒಂದು ವಿಮಾನದ ಕಿಟ್ ತಗೊಂಡೆ. ಯಾರೋ ಬಾಲ ಮಾತ್ರ ಕಟ್ಟಿ ಕೈಬಿಟ್ಟಿದ್ದರು, ಕಡಿಮೆಗೆ ಸಿಕ್ಕಿತು. ಇದನ್ನ ಯಾವ ಕೆಟಗರಿಯಲ್ಲಿ ರಿಜಿಸ್ಟರ್ ಮಾಡಿಸ್ಲಿ?'

ವಿಮಾನ ತಗೊಂಡ ಮೇಲೆ ಕೇಳುವ ಪ್ರಶ್ನೆಯಾ ಇದು! ಇರಲಿ.

ಅವನಿಗೆ ಮೊದಲು ಹೇಳಿದ್ದು ಇಷ್ಟೇ. ರಿಜಿಸ್ಟ್ರೇಷನ್ ಬೇರೆ, ಕೆಟಗರಿ ಬೇರೆ. ರಿಜಿಸ್ಟ್ರೇಷನ್ ಅಂದರೆ ಈ ವಿಮಾನ ಯಾರದ್ದು, ಅದರ ನಂಬರ್ ಏನು ಅಂತ, ತೋಟದ ಆರ್‌ಟಿಸಿ ಇದ್ದ ಹಾಗೆ. ಕೆಟಗರಿ ಬರುವುದು ಹಾರಲು ಯೋಗ್ಯ ಅಂತ ಕೊಡುವ ಇನ್ನೊಂದು ಪತ್ರದಲ್ಲಿ. ತಲೆನೋವು ಇರುವುದೆಲ್ಲ ಆ ಎರಡನೇ ಪತ್ರದಲ್ಲಿ.

ಅವನ ಕಿಟ್, ಅಂದರೆ ಕೊಂಡವನೇ ಜೋಡಿಸಿಕೊಳ್ಳುವ ಬಿಡಿಭಾಗಗಳು, ವ್ಯಾನ್ಸ್ ಕಂಪನಿಯ ಆರ್‌ವಿ-12. ಎರಡು ಸೀಟು, 100 ಕುದುರೆ ಶಕ್ತಿಯ ರೋಟ್ಯಾಕ್ಸ್ ಎಂಜಿನ್. ಅಮೆರಿಕದಲ್ಲಿ ಇದಕ್ಕೆ ಎರಡು ದಾರಿ ಇತ್ತು. ಒಂದು ಎಕ್ಸ್‌ಪೆರಿಮೆಂಟಲ್ ಲೈಟ್ ಸ್ಪೋರ್ಟ್, ಅಂದರೆ ಹಗುರ ವಿಮಾನ. ಇನ್ನೊಂದು ಎಕ್ಸ್‌ಪೆರಿಮೆಂಟಲ್ ಅಮೆಚೂರ್ ಬಿಲ್ಟ್, ಅಂದರೆ ಹವ್ಯಾಸಿ ಕಟ್ಟಿದ್ದು. ಎರಡರಲ್ಲೂ ಬಾಡಿಗೆಗೆ ಜನರನ್ನು ಕೂರಿಸುವ ಹಾಗಿಲ್ಲ.

ಲೈಟ್ ಸ್ಪೋರ್ಟ್‌ನಲ್ಲಿ ಕಂಪನಿ ಪುಸ್ತಕದಲ್ಲಿ ಹೇಳಿದ ಹಾಗೇ ಕಟ್ಟಬೇಕು. ಒಂದು ದೀಪ ಆ ಕಡೆ ಈ ಕಡೆ ಹಾಕುವ ಹಾಗಿಲ್ಲ. ಪತ್ರ ಕೈಗೆ ಬಂದ ಮೇಲೆ ಬೇಕಾದರೆ ಬದಲಾಯಿಸಿಕೋ, ಅಲ್ಲಿಯವರೆಗೆ ಕೈ ಕಟ್ಟಿಕೊಂಡಿರು. ಅದಕ್ಕೆ ಪ್ರತಿಯಾಗಿ ನೀನೆಷ್ಟು ಕಟ್ಟಿದೆ ಅಂತ ಯಾರೂ ಲೆಕ್ಕ ಕೇಳುವುದಿಲ್ಲ, ಟೆಸ್ಟ್ ಹಾರಾಟ ಸಾಮಾನ್ಯವಾಗಿ 5 ಗಂಟೆ ಹಾರಿಸಿದರೆ ಮುಗಿಯುತ್ತದೆ, 16 ಗಂಟೆಯ ಒಂದು ಕೋರ್ಸ್ ಮಾಡಿದರೆ ವರ್ಷದ ತಪಾಸಣೆಗೆ ಮಾಲೀಕನೇ ಸಹಿ ಹಾಕಬಹುದು, ನಾಳೆ ಮಾರಿದರೆ ಕೊಂಡವನೂ ಅದೇ ಕೋರ್ಸ್ ಮಾಡಬಹುದು.

ಹವ್ಯಾಸಿ ಕೆಟಗರಿಯಲ್ಲಿ ನಿನ್ನಿಷ್ಟ ಬಂದ ಹಾಗೆ ಕಟ್ಟು. ಆದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಕಲಿಯಲಿಕ್ಕೋ ಖುಷಿಗೋ ಮಾಡಿರಬೇಕು. ಅಲ್ಲಿನವರು ಇದನ್ನ 51 ಪರ್ಸೆಂಟ್ ರೂಲ್ ಅನ್ನುತ್ತಾರೆ. ಬಾಲ ಕಟ್ಟಿದವನು ಬೇರೆಯವನಾದರೂ ಅವನೂ ಹವ್ಯಾಸಿಯೇ ಆಗಿದ್ದರೆ ಆ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದು ಬರುವುದಿಲ್ಲ. ತೋರಿಸಲು ಫೋಟೋ ಬೇಕು, ಡೈರಿ ಬೇಕು. ನಮ್ಮ ಹುಡುಗ ಹಳೆ ಮಾಲೀಕನ ಹಿಂದೆ ಎರಡು ತಿಂಗಳು ಬಿದ್ದು ಬಾಲದ ಫೋಟೋ ತರಿಸಿಕೊಂಡ. ಅವು ಸಿಗದೇ ಹೋಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ನಾನು ಜಾಸ್ತಿ ಹೊತ್ತು ಮಾತಾಡಿದ್ದು ತೂಕದ ಬಗ್ಗೆ. ಆಗ ಲೈಟ್ ಸ್ಪೋರ್ಟ್ ಮಿತಿ 1,320 ಪೌಂಡ್, ಹತ್ತಿರ ಹತ್ತಿರ 600 ಕೆಜಿ. ನಮ್ಮ 50 ಕೆಜಿ ಕಾಫಿ ಮೂಟೆ ಲೆಕ್ಕದಲ್ಲಿ 12 ಮೂಟೆ. ಅದರಲ್ಲಿ ಖಾಲಿ ವಿಮಾನವೇ ಸುಮಾರು 340 ಕೆಜಿ. ಟ್ಯಾಂಕ್ ತುಂಬಿದರೆ 75 ಲೀಟರ್ ಪೆಟ್ರೋಲ್, 54 ಕೆಜಿ. ಉಳಿದದ್ದು 206. ಎರಡು ಜನ, ಒಂದು ಬ್ಯಾಗ್, ಅಷ್ಟೇ. ಅದೂ ನಮ್ಮ ಕಡೆ ಮದುವೆ ಊಟ ಮುಗಿಸಿದ ಗಂಡಸರಾದರೆ ಬ್ಯಾಗ್ ಕೆಳಗಿಳಿಸಬೇಕು.

ಹವ್ಯಾಸಿ ಕೆಟಗರಿಯಲ್ಲಿ ಒಟ್ಟು ತೂಕದ ಮಿತಿಯನ್ನು ಕಟ್ಟಿದವನೇ ಬರೆಯಬಹುದು. ಹುಡುಗನಿಗೆ ಆಸೆ ಹುಟ್ಟಿತು. 'ಮಾವ, 1,400 ಅಂತ ಬರೆದುಬಿಡ್ಲಾ? ಆಮೇಲೆ ಬೇಕಾದರೆ ಇಳಿಸಬಹುದು.' ನಾನು ಬೈದೆ. ಅವನ ಹತ್ತಿರ ಇದ್ದದ್ದು ಸ್ಪೋರ್ಟ್ ಪೈಲಟ್ ಲೈಸೆನ್ಸ್. ಕಾರಿನ ಡ್ರೈವಿಂಗ್ ಲೈಸೆನ್ಸನ್ನೇ ಮೆಡಿಕಲ್ ಸರ್ಟಿಫಿಕೇಟ್ ಬದಲು ಒಪ್ಪಿಕೊಳ್ಳುವ, ಸುಲಭದ್ದು. ಆ ಲೈಸೆನ್ಸ್‌ನವನು ಹಾರಿಸಬೇಕಾದರೆ ವಿಮಾನ ಮೊದಲ ಪತ್ರದ ದಿನದಿಂದಲೂ ಆ 1,320ರ ಮಿತಿಯೊಳಗೇ ಇದ್ದಿರಬೇಕಿತ್ತು. ಒಂದು ಸಲ 1,400 ಅಂತ ಬರೆದರೆ ಮುಗಿಯಿತು, ಮತ್ತೆ ಇಳಿಸಿದರೂ ಪ್ರಯೋಜನವಿಲ್ಲ. ತಾನೇ ಕಟ್ಟಿದ ವಿಮಾನವನ್ನು ತಾನೇ ಹಾರಿಸಲಾಗದೆ ಶೆಡ್ಡಿನಲ್ಲಿ ಕೂತು ನೋಡಬೇಕಿತ್ತು.

2025ರಲ್ಲಿ ಅಮೆರಿಕದವರು ಆ ತೂಕದ ಮಿತಿಯನ್ನೇ ತೆಗೆದು, ವಿಮಾನ ಎಷ್ಟು ನಿಧಾನ ಹಾರಿದರೆ ರೆಕ್ಕೆ ಎತ್ತುವುದನ್ನು ಬಿಡುತ್ತದೆ, ಆ ಸ್ಟಾಲ್ ವೇಗದ ಮೇಲೆ ಲೆಕ್ಕ ಹಾಕುವ ನಿಯಮ ತಂದರು. ಹಾಗಾಗಿ ಈಗ ಕಟ್ಟಲು ಹೊರಟವರು ನನ್ನ ಈ ಅಂಕಿಗಳನ್ನು ಹಿಡಿದುಕೊಂಡು ಹೋಗಬೇಡಿ, ಹೊಸ ನಿಯಮ ಓದಿ.

ಇಲ್ಲಿನ ಹುಡುಗರೂ ಕೇಳುತ್ತಾರೆ, 'ಅಂಕಲ್, ನಮ್ಮಲ್ಲೂ ಕಟ್ಟಬಹುದಲ್ವಾ?' ಕೊಡಗಿನವರಿಗೆ ಆಕಾಶದ ಹುಚ್ಚು ಹೊಸದಲ್ಲ. ಮಡಿಕೇರಿ ಪೇಟೆಯಲ್ಲೇ 1965ರ ಯುದ್ಧದಲ್ಲಿ ಮಡಿದ ಪೈಲಟ್ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಪ್ರತಿಮೆಯಾಗಿ ನಿಂತಿದ್ದಾರೆ. ಆದರೆ ನಮ್ಮ ದೇಶದಲ್ಲಿ ಈ ದಾರಿ ಉದ್ದ. ಮುಂಬೈಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಟೆರೇಸ್ ಮೇಲೆ 6 ಸೀಟಿನ ವಿಮಾನ ಕಟ್ಟಿದರಲ್ಲ, ಅದನ್ನು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ನೋಡಿದರು. ವಿಟಿ-ಎನ್‌ಎಂಡಿ ಅಂತ ರಿಜಿಸ್ಟ್ರೇಷನ್ ಸಿಕ್ಕಿದ್ದು 2017ರ ನವೆಂಬರಿನಲ್ಲಿ. ಹಾರಿಸಲು ಪರ್ಮಿಟ್ ಬಂದದ್ದು 2019ರಲ್ಲಿ. ನಾನು ಆಗ ಹೇಳಿದ ಆ ಎರಡು ಪತ್ರಗಳ ನಡುವಿನ ದೂರ ಇದು. ಆದ್ದರಿಂದ ತಗಡು ಕತ್ತರಿಸುವ ಮೊದಲು ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮ ಓದಿ, ಲಿಖಿತವಾಗಿ ಕೇಳಿ. ಬಾಯಿಮಾತಿನ 'ಆಗುತ್ತೆ ಮಾಡಿ' ನಂಬಬೇಡಿ.

ಅಕ್ಕನ ಮಗನಿಗೆ ನಾನು ಕೊಟ್ಟ ಸಲಹೆ ಲೈಟ್ ಸ್ಪೋರ್ಟ್. ಅವನು ಆರಿಸಿಕೊಂಡದ್ದು ಹವ್ಯಾಸಿ. ಕಾರಣ ಕೇಳಿದರೆ ನಗುತ್ತೀರಿ. ಲೈಟ್ ಸ್ಪೋರ್ಟ್ ಆದರೆ ತಯಾರಕರು ಅನ್ನುವ ಜಾಗದಲ್ಲಿ ಕಿಟ್ ಕಂಪನಿಯ ಹೆಸರು. ಹವ್ಯಾಸಿ ಆದರೆ ಕಟ್ಟಿದವನ ಹೆಸರು. ವಿಮಾನಕ್ಕೆ ಬೆಂಕಿಗೂ ಕರಗದ ಒಂದು ಲೋಹದ ಪ್ಲೇಟ್ ಹೊಡೆಯಬೇಕು, ಅದರ ಮೇಲೆ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್. ಅಂಗೈ ಅಗಲದ ಸ್ಟೀಲ್ ಪ್ಲೇಟಿನ ಫೋಟೋ ಕಳಿಸಿದ. ಮೊದಲ ಸಾಲಿನಲ್ಲಿ ಅವರ ಮನೆ ಹೆಸರು, ಆಮೇಲೆ ಅವನ ಹೆಸರು, ಸೀರಿಯಲ್ ನಂಬರ್ 1. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ, ಹೆಸರು ಅಮೆರಿಕ ಸರ್ಕಾರದ ದಫ್ತರಿನಲ್ಲಿ ವಿಮಾನ ತಯಾರಕರ ಕಾಲಮ್ಮಿನಲ್ಲಿ! ಇದಕ್ಕೆ ನಾನೇನು ವಾದ ಮಾಡಲಿ? ತೂಕ ಮಾತ್ರ 1,320 ಅಂತಲೇ ಬರೆದಿದ್ದ.

ಹವ್ಯಾಸಿ ಕೆಟಗರಿ ಆರಿಸಿಕೊಂಡದ್ದರ ಬೆಲೆ 40 ಗಂಟೆ ಟೆಸ್ಟ್ ಹಾರಾಟ, ಒಬ್ಬನೇ. ಆ ಗಂಟೆಗಳು ಮುಗಿಯುವ ತನಕ ಸುಮ್ನೆ ಜೊತೆಗೆ ಯಾರನ್ನೂ ಕೂರಿಸುವ ಹಾಗಿಲ್ಲ. ಅಕ್ಕ ಮಗನ ವಿಮಾನದಲ್ಲಿ ಕೂರಲೆಂದೇ ಹೋಗಿದ್ದಳು, ಮಳೆ, ಗಾಳಿ ಅಂತ ಐದು ವಾರ ಕಾದಳು. ಕೊನೆಗೆ ಹತ್ತುವಾಗ ಎದುರಿಗೆ ಒಂದು ಪಟ್ಟಿ ಅಂಟಿಸಿದ್ದು ಕಂಡಿತು. ಇದು ಹವ್ಯಾಸಿ ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಹೊಂದುವುದಿಲ್ಲ ಅಂತ. ಕಾನೂನು ಪ್ರಕಾರ ಅಂಟಿಸಲೇಬೇಕು.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳಂತೆ. ಮಗನ ಮುಖ ನೋಡಿ, 'ಇದನ್ನ ಇವರು ನಿನ್ನ ಕೈಯಲ್ಲೇ ಬರೆಸಿದ್ರಾ?' ಅಂದಳಂತೆ. ಆಮೇಲೆ ಬೆಲ್ಟ್ ಹಾಕಿಕೊಂಡಳು.